ಒಡೆದದ್ದೆಲ್ಲ ನಕಲಿ ಹಿತ್ತಾಳೆಯಲ್ಲ

ಮಾನ್ಯ ಸಂಪಾದಕರೇ,

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಹಂಗಾಮು ಬಂತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಅಂಗಡಿಗಳಲ್ಲಿ ಒಂದೇ ತಕರಾರು. ನಾಝಲ್ ನಟ್ಟು ಸೀಳಿತು, ವಾಲ್ವಿನ ಕುತ್ತಿಗೆ ಬಿರುಕು ಬಿಟ್ಟಿತು, ಪಂಪಿನ ಗ್ಲ್ಯಾಂಡ್ ನಟ್ಟು ಕೈಯಲ್ಲೇ ಎರಡಾಯಿತು, ‘ಡೂಪ್ಲಿಕೇಟ್ ಹಿತ್ತಾಳೆ ಕೊಟ್ಟಿದ್ದಾರೆ’. ನಿಮ್ಮ ಓದುಗರ ಅಂಕಣದಲ್ಲೂ ಇಂಥ ದೂರು ಆಗಾಗ ಬರುತ್ತದೆ. ಅಂಗಡಿಯವರ ಮೇಲೆ ಹರಿಹಾಯುವುದು ಸುಲಭ. ಆದರೆ ಹೀಗೆ ಒಡೆದ ತುಂಡುಗಳಲ್ಲಿ ಬಹಳಷ್ಟು ಅಸಲಿ ಹಿತ್ತಾಳೆಯವೇ. ಲೇತಿಗೆಂದು (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರಕ್ಕೆಂದು) ಹದ ಮಾಡಿದ ಹಿತ್ತಾಳೆಯನ್ನು ಅದು ತಾಳಲಾರದ ಜಾಗಕ್ಕೆ ಹಾಕಿರುತ್ತೇವೆ, ಇಲ್ಲವೇ ತಾಳುವ ಜಾಗದಲ್ಲೇ ತಪ್ಪಾಗಿ ಬಿಗಿದಿರುತ್ತೇವೆ. ಈ ಕೆಲಸದಲ್ಲೇ ಇರುವ ನಾವು ಕೆಲವರು ಗೊತ್ತಿರುವಷ್ಟನ್ನು ಬರೆದಿದ್ದೇವೆ. ಪತ್ರ ಉದ್ದವಾಗಿದೆ, ಜಾಗ ಕೊಡಬೇಕು.

ಮಾರುಕಟ್ಟೆಯಲ್ಲಿ ‘ಬ್ರಾಸ್ ರಾಡ್’ ಎಂದು ಸಿಗುವುದು ಬಹುಪಾಲು ಫ್ರೀ ಕಟಿಂಗ್, ಅಂದರೆ ಸುಲಭವಾಗಿ ಕತ್ತರಿಸಬಹುದಾದ ಹಿತ್ತಾಳೆ. ತಾಮ್ರ, ಸತು ಎರಡೇ ಅಲ್ಲ, ಅದರಲ್ಲಿ ಸೀಸವೂ ಇದೆ. ನಮ್ಮ ದೇಶದ ಐಎಸ್ 319 ಮಾನದಂಡದ ಮೊದಲ ಗ್ರೇಡಿನಲ್ಲಿ ತಾಮ್ರ ಶೇ 56ರಿಂದ 59, ಸೀಸ ಶೇ 2ರಿಂದ 3.5, ಉಳಿದದ್ದು ಸತು. ಕಬ್ಬಿಣ ಶೇ 0.35 ಮೀರುವಂತಿಲ್ಲ. ಅಮೆರಿಕದವರ ಸಿ36000 ಎಂಬುದು ಇದರ ಅಣ್ಣ: ತಾಮ್ರ ಶೇ 60ರಿಂದ 63, ಸೀಸ ಶೇ 2.5ರಿಂದ 3. ಲೋಹಗಳನ್ನು ಎಷ್ಟು ಸುಲಭವಾಗಿ ಕತ್ತರಿಸಬಹುದು ಎಂದು ಅಳೆಯುವಾಗ ಈ ಸಿ36000ಕ್ಕೆ 100 ಅಂಕ ಎಂದಿಟ್ಟುಕೊಂಡು ಮಿಕ್ಕ ತಾಮ್ರ ಜಾತಿಯವನ್ನು ಹೋಲಿಸುತ್ತಾರೆ. ಸೀಸವಿಲ್ಲದ 70-30 ಹಿತ್ತಾಳೆಗೆ 30, ಬರಿಯ ತಾಮ್ರಕ್ಕೆ 20. ಈ ಅಂತರ ತರುವುದು ಆ ಮೂರು ಪರ್ಸೆಂಟ್ ಸೀಸವೇ.

ಸೀಸ ಹಿತ್ತಾಳೆಯಲ್ಲಿ ಕರಗಿ ಒಂದಾಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಳಗೆಲ್ಲ ಚದುರಿ ಕೂತಿರುತ್ತದೆ. ಟೂಲಿನ ಮೊನೆ ಬಂದಾಗ ಚಿಪ್ಸ್ (ಕತ್ತರಿಸುವಾಗ ಏಳುವ ಲೋಹದ ಚೂರು) ಈ ಹನಿ ಇರುವಲ್ಲಿ ಮುರಿಯುತ್ತದೆ. ಉದ್ದ ಸುರುಳಿಯಾಗಿ ಮಾಲು ಹಿಡಿದ ಚಕ್‌ಗೆ ಸುತ್ತಿಕೊಳ್ಳದೆ ಪುಡಿಪುಡಿಯಾಗಿ ಉದುರುತ್ತದೆ. ಜೊತೆಗೆ ಸೀಸವೇ ಟೂಲಿನ ಮುಖಕ್ಕೆ ಎಣ್ಣೆಯ ಕೆಲಸ ಮಾಡುತ್ತದೆ. ಅದಕ್ಕೇ ಮೇಲ್ಮೈ ಕನ್ನಡಿಯಂತೆ ಬರುತ್ತದೆ, ಟೂಲು ದಿನಗಟ್ಟಲೆ ಚೂಪಾಗಿ ಉಳಿಯುತ್ತದೆ. ಆದರೆ ಚಿಪ್ಸನ್ನು ಮುರಿಯುವ ಹನಿ, ಸುತ್ತಿಗೆ ಬಿದ್ದಾಗ ಮಾಲನ್ನೂ ಮುರಿಯಬಲ್ಲದು.

ಬಲದ ವಿಷಯದಲ್ಲಿ ಇದನ್ನು ಹೀಗಳೆಯುವಂತಿಲ್ಲ. ಅರೆಗಟ್ಟಿ ಹದದ 25 ಮಿಮೀ ರಾಡು ಸುಮಾರು 400 ಮೆಗಾಪಾಸ್ಕಲ್ ಎಳೆತ ತಾಳುತ್ತದೆ, ಮೈಲ್ಡ್ ಸ್ಟೀಲಿಗೆ ಹೆಚ್ಚುಕಡಿಮೆ ಸಮ. ಬಾಗದೆ ನಿಲ್ಲುವ ಬಿಗಿತ ಮಾತ್ರ ಉಕ್ಕಿನ ಅರ್ಧ. ಅಷ್ಟೇ ದಪ್ಪದ ಉದ್ದನೆಯ ಸಣ್ಣ ಸ್ಪಿಂಡಲ್ ಅಷ್ಟೇ ಭಾರಕ್ಕೆ ಎರಡರಷ್ಟು ಬಾಗುತ್ತದೆ. ವಿದ್ಯುತ್ ಹರಿವು ತಾಮ್ರದ ಕಾಲು ಭಾಗದಷ್ಟು (ಶೇ 26). ಪ್ಲಗ್ ಪಿನ್ನು, ಟರ್ಮಿನಲ್ಲು, ಮೀಟರಿನ ಸ್ಕ್ರೂಗಳಿಗೆ ಧಾರಾಳವಾಗಿ ಸಾಕು. ಗ್ಯಾಸ್ ಒಲೆಯ ಜೆಟ್, ಟಯರ್ ವಾಲ್ವ್, ಬೀಗದ ಸಿಲಿಂಡರ್, ಸ್ಪ್ರೇಯರ್ ನಾಝಲ್, ಪ್ರೆಶರ್ ಗೇಜಿನ ಕನೆಕ್ಟರ್, ಹೀಗೆ ಸಣ್ಣ ರಂಧ್ರ, ನಯವಾದ ಥ್ರೆಡ್, ಸಾವಿರಗಟ್ಟಲೆ ಒಂದೇ ಅಳತೆ ಬೇಕಾದಲ್ಲೆಲ್ಲ ಇದೇ ಮೊದಲ ಆಯ್ಕೆ.

ಇಲ್ಲಿನ ವರ್ಕ್‌ಶಾಪುಗಳ ಬಗ್ಗೆ ಒಂದು ಮಾತು. ಭದ್ರಾವತಿಯ ಉಕ್ಕು, ಮಾಚೇನಹಳ್ಳಿಯ ಎರಕದ ಮಾಲಿನಲ್ಲಿ ಕೈ ಪಳಗಿದ ಟರ್ನರುಗಳು ನಮ್ಮಲ್ಲಿ ಬಹಳ. ಉಕ್ಕಿನ ಅಭ್ಯಾಸದಲ್ಲೇ ಹಿತ್ತಾಳೆಗೆ ಕೈಹಾಕಿದರೆ ಮಾಲು ಕೆಡುತ್ತದೆ. ಉಕ್ಕಿಗೆ ಉಜ್ಜಿದ ಟೂಲಿನಲ್ಲಿ ಮೇಲ್ಮುಖ ಇಳಿಜಾರಾಗಿರುತ್ತದೆ. ಆ ರೇಕ್ ಹಿತ್ತಾಳೆಗೆ ಬೇಡ. ಮೇಲ್ಮುಖ ಸಪಾಟಾಗಿ ಸೊನ್ನೆ ಡಿಗ್ರಿ ಇರಲಿ, ಟೂಲಿನ ಅಡಿಭಾಗ ಮಾಲಿಗೆ ಉಜ್ಜದಂತೆ 8ರಿಂದ 10 ಡಿಗ್ರಿ ಕ್ಲಿಯರೆನ್ಸ್ ಕೊಡಿ. ಇಲ್ಲದಿದ್ದರೆ ಟೂಲು ಮಾಲಿನೊಳಕ್ಕೆ ತಾನೇ ಎಳೆದುಕೊಂಡು ಹೋಗುತ್ತದೆ. ಡ್ರಿಲ್ ಬಿಟ್ಟಿನಲ್ಲಂತೂ ಇದು ಅಪಾಯ. ರಂಧ್ರ ಆಚೆ ಬದಿಗೆ ಹೊರಬೀಳುವ ಗಳಿಗೆಯಲ್ಲಿ ಬಿಟ್ಟು ಕಚ್ಚಿಕೊಂಡು ಮಾಲನ್ನು ವೈಸಿನಿಂದ ಕಿತ್ತು ಗಿರಗಿರನೆ ತಿರುಗಿಸುತ್ತದೆ. ಎಣ್ಣೆಕಲ್ಲಿನಲ್ಲಿ ಬಿಟ್ಟಿನ ಎರಡೂ ಕತ್ತರಿಸುವ ಅಂಚುಗಳ ಮುಖವನ್ನು ಒಂದು ಮಿಲಿಮೀಟರಿನಷ್ಟು ಚಪ್ಪಟೆ ಮಾಡಿದರೆ ಕಚ್ಚುವುದು ನಿಲ್ಲುತ್ತದೆ. ಹಾಗೆ ಚಪ್ಪಟೆ ಮಾಡಿದ ಬಿಟ್ಟುಗಳಿಗೆ ಬಣ್ಣ ಬಳಿದು ಬೇರೆಯೇ ಡಬ್ಬಿಯಲ್ಲಿಡಿ, ಉಕ್ಕಿಗೆ ಅವು ನಡೆಯುವುದಿಲ್ಲ. ಉಕ್ಕಿಗೆ ಬಳಸಿ ಮೊಂಡಾದ ಟೂಲನ್ನು ‘ಹಿತ್ತಾಳೆಗಲ್ಲವಾ, ಸಾಕು’ ಎಂದು ಹಾಕುವ ರೂಢಿಯನ್ನೂ ಬಿಡಬೇಕು. ಮೊಂಡು ಟೂಲು ಕತ್ತರಿಸದೆ ಉಜ್ಜುತ್ತದೆ, ಅಳತೆ ನಿಲ್ಲುವುದಿಲ್ಲ.

ಇನ್ನು ವೇಗ. ಹೈಸ್ಪೀಡ್ ಸ್ಟೀಲ್ ಟೂಲಿನಲ್ಲಿ ಇಎನ್8 ಎಂಬ ಉಕ್ಕಿಗೆ ನಿಮಿಷಕ್ಕೆ 25-30 ಮೀಟರ್ ಇಟ್ಟರೆ ಈ ಹಿತ್ತಾಳೆಗೆ 90 ಮೀಟರ್ ಆರಾಮಾಗಿ ಇಡಬಹುದು. ಕಾರ್ಬೈಡ್ ಇದ್ದರೆ ಅದರ ಎರಡರಷ್ಟು. 12 ಮಿಮೀ ರಾಡಿಗೆ 90 ಮೀಟರ್ ಅಂದರೆ ಸುಮಾರು 2,400 ಆರ್‌ಪಿಎಂ. ಹಳೆಯ ಬೆಲ್ಟ್ ಲೇತು ಸಾವಿರಕ್ಕೇ ನಿಲ್ಲುವುದರಿಂದ 38 ಮೀಟರ್ ಮಾತ್ರ ಸಿಗುತ್ತದೆ. ಮಾಲು ಕೆಡುವುದಿಲ್ಲ, ಆದರೆ ಹಿತ್ತಾಳೆಗೆ ಕೊಟ್ಟ ದುಡ್ಡು ಸಮಯದ ಉಳಿತಾಯವಾಗಿ ವಾಪಸ್ ಬರುವುದಿಲ್ಲ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೇತು) ಇರುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಸ್ಪಿಂಡಲಿನ ಹಿಂದೆ ಆಧಾರವಿಲ್ಲದೆ ಚಾಚಿದ ಸಣ್ಣ ರಾಡು 2,000 ಆರ್‌ಪಿಎಂ ಮುಟ್ಟಿದೊಡನೆ ಬಾಗಿ ಚಾಟಿಯಂತೆ ಬೀಸುತ್ತದೆ. ಹಿಂದೆ ಹಾದುಹೋಗುವವರ ಪ್ರಾಣಕ್ಕೇ ಸಂಚಕಾರ. ರಾಡನ್ನು ಸ್ಪಿಂಡಲಿನೊಳಗೆ ಅಡಗುವಷ್ಟು ಕತ್ತರಿಸಿ, ಇಲ್ಲವೇ ಹಿಂದೆ ಪೈಪಿನ ಆಧಾರ ಕೊಡಿ. ಪುಡಿ ಚಿಪ್ಸ್ ಸೂಜಿಯಂತೆ ಸಿಡಿಯುವುದರಿಂದ ಕನ್ನಡಕ ಬೇಕೇ ಬೇಕು. ಏರ್ ಗನ್ ಹಿಡಿದು ಊದುವುದು ಬೇಡ, ಬ್ರಷ್ಷಿನಲ್ಲಿ ಗುಡಿಸಿ. ಸೀಸ ಇರುವ ಕಾರಣ ಊಟಕ್ಕೆ ಮೊದಲು ಸೋಪಿನಲ್ಲಿ ಕೈ ತೊಳೆಯಲೇಬೇಕು.

ಕೂಲೆಂಟ್ ಇಲ್ಲದೆಯೂ ನಡೆಯುತ್ತದೆ. ಹಾಕುವುದಾದರೆ ಗಂಧಕ ಬೆರೆಸಿದ ಕಟಿಂಗ್ ಆಯಿಲ್ ಬೇಡ, ಹಿತ್ತಾಳೆ ಕಪ್ಪಾಗುತ್ತದೆ. ಸಾಲ್ಯುಬಲ್ ಆಯಿಲ್ ಹಾಕಿದರೆ ಮಳೆಗಾಲದಲ್ಲಿ ಮಾಲನ್ನು ಅದೇ ದಿನ ತೊಳೆದು ಒಣಗಿಸಿ. ಟ್ರೇಯಲ್ಲಿ ಒದ್ದೆಯಾಗಿ ಬಿಟ್ಟರೆ ಬೆಳಗಾಗುವುದರೊಳಗೆ ಹಸಿರು ಕಲೆ. ಅಳತೆಯನ್ನೂ ಮಾಲು ತಣ್ಣಗಾದ ಮೇಲೆ ನೋಡಬೇಕು. ಹಿತ್ತಾಳೆ ಉಕ್ಕಿಗಿಂತ ಒಂದೂಮುಕ್ಕಾಲು ಪಟ್ಟು ಹಿಗ್ಗುತ್ತದೆ. 25 ಮಿಮೀ ಬುಶ್ (ತಿರುಗುವ ಶಾಫ್ಟಿಗೆ ಆಧಾರವಾಗಿ ಹಾಕುವ ಬಳೆ) 40 ಡಿಗ್ರಿ ಹೆಚ್ಚು ಬಿಸಿಯಿರುವಾಗ ಅಳೆದರೆ 0.02 ಮಿಮೀ ದಪ್ಪ ತೋರಿಸಿ ಮೋಸ ಮಾಡುತ್ತದೆ. ಹೌಸಿಂಗಿಗೆ ಒತ್ತಿ ಕೂರಿಸುವ ಬುಶ್ಶು ಸಡಿಲವಾಗಲು ಅಷ್ಟು ಸಾಕು.

ಬುಶ್ ಎಂದಾಗ ನೆನಪಾಯಿತು. ಅಡಿಕೆ ಸುಲಿಯುವ ಯಂತ್ರ, ಕಬ್ಬಿನ ಗಾಣದಂಥ ಭಾರ ಹೊರುವ ಕಡೆ ರಾಡ್ ಹಿತ್ತಾಳೆಯ ಬುಶ್ ಹಾಕಿಸಿಕೊಂಡು ‘ಒಂದು ಹಂಗಾಮೂ ಬಾಳಲಿಲ್ಲ’ ಎನ್ನುವವರಿದ್ದಾರೆ. ಅಲ್ಲಿಗೆ ಬೇಕಾದದ್ದು ತವರ ಬೆರೆತ ಗನ್‌ಮೆಟಲ್ (ತವರ, ಸೀಸ, ಸತು ತಲಾ ಶೇ 5 ಇರುವ ಎಲ್‌ಟಿಬಿ-2) ಅಥವಾ ಫಾಸ್ಫರ್ ಬ್ರಾಂಜ್. ಬಣ್ಣದಲ್ಲಿ ತುಸು ಕೆಂಪು, ರೇಟಿನಲ್ಲಿ ಹೆಚ್ಚು, ಬಾಳಿಕೆಯಲ್ಲಿ ಇನ್ನೂ ಹೆಚ್ಚು.

ಈಗ ಒಡೆಯುವ ವಿಷಯಕ್ಕೆ ಬರೋಣ.

ಮೊದಲನೆಯದು, ತಣ್ಣಗೆ ಬಗ್ಗಿಸುವುದು. ರಾಡಿನ ತುದಿಯನ್ನು ಸುತ್ತಿಗೆಯಿಂದ ಬಡಿದು ರಿವೆಟ್ ಮಾಡುವುದು, ಕೊಳವೆಯ ಬಾಯನ್ನು ಅಗಲಿಸುವುದು, ಒತ್ತಿ ಥ್ರೆಡ್ ಮೂಡಿಸುವುದು ಸೀಸದ ಹಿತ್ತಾಳೆಗೆ ಆಗದ ಕೆಲಸ. ಆಳವಾದ ನರ್ಲಿಂಗನ್ನು (ಕೈಹಿಡಿತಕ್ಕೆ ಮೈಮೇಲೆ ಮೂಡಿಸುವ ಗೀರುಗಳನ್ನು) ಒತ್ತಿ ಮಾಡಿದರೂ ಅಂಚು ಚಕ್ಕೆ ಏಳುತ್ತದೆ. ಕತ್ತರಿಸುವ ನರ್ಲ್ ಟೂಲ್ ಬಳಸಿ, ಇಲ್ಲವೇ ಸೀಸ ಕಡಿಮೆ ಇರುವ ರಾಡು ತರಿಸಿ. ‘ಸ್ವಲ್ಪ ಕಾಯಿಸಿ ಬಗ್ಗಿಸೋಣ’ ಎನ್ನುವುದು ಇನ್ನೂ ಕೆಟ್ಟದ್ದು. ಸೀಸ 327 ಡಿಗ್ರಿಗೇ ಕರಗುತ್ತದೆ. ಗ್ಯಾಸ್ ಜ್ವಾಲೆಯಲ್ಲಿ ಮುನ್ನೂರೈವತ್ತು-ನಾನೂರು ಡಿಗ್ರಿಗೆ ಕಾದ ತುಂಡಿನೊಳಗೆ ದ್ರವದ ಹನಿಗಳಿರುತ್ತವೆ, ಬಗ್ಗಿಸಿದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಈ ಲೋಹ ನಿಜಕ್ಕೂ ಮೆತ್ತಗಾಗಿ ಅಚ್ಚಿನಲ್ಲಿ ಒತ್ತಿಸಿಕೊಳ್ಳುವುದು 700 ಡಿಗ್ರಿಯ ಮೇಲೆ. ಅದು ಕಾರ್ಖಾನೆಯ ಕುಲುಮೆಯ ಕೆಲಸ. ಬೆಸುಗೆಯಲ್ಲಿ ಸೋಲ್ಡರ್ ಚೆನ್ನಾಗಿ ಹಿಡಿಯುತ್ತದೆ, ಬ್ರೇಜಿಂಗ್ ನಿಧಾನವಾಗಿ ಸಮನಾಗಿ ಕಾಯಿಸಿದರೆ ಆಗುತ್ತದೆ, ಗ್ಯಾಸ್ ವೆಲ್ಡಿಂಗ್ ಬೇಡ. ಸತು 907 ಡಿಗ್ರಿಗೆ ಕುದಿದು ಬಿಳಿ ಹೊಗೆಯಾಗುತ್ತದೆ; ಅದನ್ನು ಸೇವಿಸಿದವರಿಗೆ ರಾತ್ರಿ ಚಳಿಜ್ವರ ಗ್ಯಾರಂಟಿ.

ಎರಡನೆಯದು ಮಲೆನಾಡಿಗೆ ವಿಶೇಷವಾಗಿ ಅಂಟಿದ ಕಾಟ. ಬ್ರಿಟಿಷರ ಕಾಲದಲ್ಲಿ ಇಂಡಿಯಾದ ದಂಡಿನಲ್ಲಿ ಹಿತ್ತಾಳೆಯ ತೋಟಾಗಳು ಮಳೆಗಾಲ ಬಂತೆಂದರೆ ಇಟ್ಟಲ್ಲೇ ಸೀಳುತ್ತಿದ್ದವು. ಕುದುರೆಲಾಯಗಳಲ್ಲಿ ಇಟ್ಟವು ಹೆಚ್ಚು ಸೀಳುತ್ತಿದ್ದವು. ಕಾರಣವನ್ನು ಬ್ರಿಟನ್ನಿನ ಸಂಶೋಧಕರು 1921ರಲ್ಲಿ ಬಿಡಿಸಿ ಹೇಳಿದರು. ತಯಾರಿಕೆಯ ಹೊತ್ತಿನಲ್ಲಿ ಲೋಹದೊಳಗೆ ಉಳಿದ ಸೆಳೆತ, ತೇವದ ಗಾಳಿ, ಕುದುರೆ ಗಂಜಳದ ಅಮೋನಿಯಾ, ಈ ಮೂರೂ ಕೂಡಿದಾಗ ಹಿತ್ತಾಳೆಗೆ ಬಿರುಕು. ಮೂರರಲ್ಲಿ ಒಂದನ್ನು ತೆಗೆದರೂ ಬಿರುಕಿಲ್ಲ.

ಕುದುರೆಯ ಜಾಗದಲ್ಲಿ ದನ ಎಂದು ಓದಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಆರದ ಊರು, ಕೊಟ್ಟಿಗೆಯ ಮೂಲೆಯಲ್ಲಿ ನೇತುಹಾಕಿದ ಸ್ಪ್ರೇಯರ್ ಗನ್ನು, ಪಕ್ಕದಲ್ಲೇ ಬಾಯಿ ತೆರೆದ ಯೂರಿಯಾ ಚೀಲ, ಗೊಬ್ಬರಗುಂಡಿಗೆ ಹತ್ತಿರದ ಪಂಪ್‌ಸೆಟ್ಟು. ತೇವ, ಅಮೋನಿಯಾ ಎರಡೂ ಅಲ್ಲೇ ಇವೆ. ಮೂರನೆಯದಾದ ಸೆಳೆತವನ್ನು ನಾವೇ ಪೈಪ್ ರೆಂಚಿನಲ್ಲಿ ಸೇರಿಸುತ್ತೇವೆ. ಅರ್ಧ ಇಂಚಿನ ಜಿಐ ನಿಪ್ಪಲ್ಲಿನ (ಸತು ಲೇಪದ ಕಬ್ಬಿಣದ ಪೈಪು ತುಂಡಿನ) ಥ್ರೆಡ್ಡು ಟೇಪರ್, ಅಂದರೆ ತುದಿಗೆ ಸಣ್ಣಗಾಗುವಂಥದ್ದು, ಹಿತ್ತಾಳೆ ವಾಲ್ವಿನ ಒಳಥ್ರೆಡ್ಡು ಸಾಮಾನ್ಯವಾಗಿ ನೇರ. ಅದರ ಮೇಲೆ ಹದಿನೈದು ಸುತ್ತು ಟೆಫ್ಲಾನ್ ಟೇಪು ಸುತ್ತಿ, ಎರಡಡಿ ರೆಂಚು ಹಾಕಿ, ‘ಇನ್ನೊಂದು ಸ್ವಲ್ಪ’ ಎಂದು ಒತ್ತಿದರೆ ನಿಪ್ಪಲ್ಲು ಬೆಣೆಯಂತೆ ಒಳಗಿಳಿದು ವಾಲ್ವಿನ ಬಾಯನ್ನು ಹೊರಕ್ಕೆ ದೂಡುತ್ತಲೇ ಇರುತ್ತದೆ. ಆ ದಿನ ಏನೂ ಆಗುವುದಿಲ್ಲ. ಎರಡು ಮೂರು ತಿಂಗಳಿಗೆ ಉದ್ದಕ್ಕೆ ಒಂದು ಕೂದಲೆಳೆಯಷ್ಟು ಸೀಳು. ಟೇಪು ನಾಲ್ಕೈದು ಸುತ್ತು ಸಾಕು. ಕೈಯಲ್ಲಿ ಬಿಗಿಯಾದ ಮೇಲೆ ಸ್ಪ್ಯಾನರಿನಲ್ಲಿ ಒಂದು ಸುತ್ತು, ಅಷ್ಟೇ. ಸ್ಪ್ಯಾನರನ್ನು ಥ್ರೆಡ್ ಇರುವ ಕಡೆಯ ಆರು ಮುಖದ ಮೇಲೇ ಹಿಡಿಯಬೇಕು. ಆಚೆ ತುದಿ ಹಿಡಿದು ತಿರುಗಿಸಿದರೆ ಇಡೀ ವಾಲ್ವ್ ತಿರುಚಿಕೊಳ್ಳುತ್ತದೆ.

ಯಾವ ಕಾರಣಕ್ಕೆ ಒಡೆಯಿತೆಂದು ಬಿರುಕನ್ನು ನೋಡಿಯೇ ಹೇಳಬಹುದು. ಬಲ ಹೆಚ್ಚಾಗಿ ಆಗಲೇ ಮುರಿದದ್ದಾದರೆ ಒಳಮೈ ಹೊಸದಾಗಿ ಹಳದಿ ಹೊಳೆಯುತ್ತದೆ, ಅಂಚು ತುಸು ಎಳೆದುಕೊಂಡಿರುತ್ತದೆ. ಅಮೋನಿಯಾದ ಬಿರುಕಾದರೆ ಲೋಹ ಚೂರೂ ಹಿಗ್ಗಿರುವುದಿಲ್ಲ, ಗಾಜು ಸೀಳಿದ ಹಾಗೆ. ಒಳಮೈ ಮಂಕಾಗಿ ಕಪ್ಪಾಗಿರುತ್ತದೆ. ಹಿತ್ತಾಳೆಯ ಮೈಮೇಲೆ ಅಲ್ಲಲ್ಲಿ ತಾಮ್ರದ ಕೆಂಪು, ಮೇಲೊಂದು ಬಿಳಿ ಬೂಸ್ಟು, ಮೊಳೆಯಿಂದ ಕೆರೆದರೆ ಪುಡಿಯಾಗಿ ಉದುರಿದರೆ ಅದು ಬೇರೆಯೇ ರೋಗ. ನೀರು ಸತುವನ್ನಷ್ಟೇ ತಿಂದು ಪೊಳ್ಳು ತಾಮ್ರವನ್ನು ಉಳಿಸಿದೆ. ಮೆದು, ತುಸು ಹುಳಿಯ ನೀರು ನಿಂತಲ್ಲಿ ಇದು ಹೆಚ್ಚು. ಜಂಬಿಟ್ಟಿಗೆ ನೆಲದ ಬಾವಿ, ಗುಡ್ಡದ ಅಬ್ಬಿಯ (ತೊರೆಯ) ನೀರು ಬಹುಪಾಲು ಇದೇ ಜಾತಿಯದು. ಅಲ್ಲಿಗೆ ಡಿಝಡ್‌ಆರ್ (ಸತು ಕಳಚದ ಹಿತ್ತಾಳೆ) ಎಂದು ಕೇಳಿ ತರಿಸಬೇಕು. ಅದರಲ್ಲಿ ತಾಮ್ರ ಶೇ 61-63ಕ್ಕೆ ಏರಿಸಿ ಚಿಟಿಕೆ ಆರ್ಸೆನಿಕ್ (ಶೇ 0.02ರಿಂದ 0.15) ಸೇರಿಸಿರುತ್ತಾರೆ, ಸತು ಕಳಚುವುದನ್ನು ಅದು ತಡೆಯುತ್ತದೆ.

ವರ್ಕ್‌ಶಾಪಿನವರು ಮಾಡಬಹುದಾದದ್ದೂ ಇದೆ. ಎಳೆದು ತಯಾರಿಸಿದ ಗಟ್ಟಿ ಹದದ ರಾಡಿನಲ್ಲಿ ಹುಟ್ಟಿನಿಂದಲೇ ಸೆಳೆತ ಇರುತ್ತದೆ. ಗೊಬ್ಬರ, ಕೊಟ್ಟಿಗೆ, ಗೋಬರ್ ಗ್ಯಾಸಿನ ಸುತ್ತ ಹೋಗುವ ಮಾಲನ್ನು ಟರ್ನಿಂಗ್ ಮುಗಿದ ಮೇಲೆ 250ರಿಂದ 300 ಡಿಗ್ರಿಯಲ್ಲಿ ಒಂದು ಗಂಟೆ ಓವನ್ನಿನಲ್ಲಿಟ್ಟು ತಣಿಸಿದರೆ ಸೆಳೆತ ಬಹುಮಟ್ಟಿಗೆ ಇಳಿಯುತ್ತದೆ, ಗಟ್ಟಿತನ ಹೆಚ್ಚು ಇಳಿಯುವುದಿಲ್ಲ. ಓವನ್ನಿಗೆ ತಾಪಮಾನದ ಗೇಜು ಇರಲೇಬೇಕು, ಅಂದಾಜಿನ ಕೆಲಸವಲ್ಲ. ಬಣ್ಣ ಕೆಡುವುದರಿಂದ ಆಮೇಲೆ ಪಾಲಿಶ್ ಮಾಡಬೇಕಾದೀತು.

ನಾಝಲ್ ವಿಷಯದಲ್ಲಿ ಬೋರ್ಡೋ ಎಂಬ ಕೊಳೆ ಔಷಧಿಯನ್ನು ಬಯ್ಯುವವರೂ ಇದ್ದಾರೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಶೇ 1ರ ದ್ರಾವಣ ಸರಿಯಾಗಿ ಕೂಡಿದ್ದರೆ ಹಿತ್ತಾಳೆಗೆ ದೊಡ್ಡ ಹಾನಿಯಿಲ್ಲ. ಸುಣ್ಣ ಕಡಿಮೆಯಾಗಿ ಮೈಲುತುತ್ತ ಉಳಿದಿದ್ದರೆ ಅದು ಕಬ್ಬಿಣವನ್ನೂ ತಿನ್ನುತ್ತದೆ, ಹಿತ್ತಾಳೆಯ ಸತುವನ್ನೂ ತಿನ್ನುತ್ತದೆ. ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ಕೆಂಪೇರಿದರೆ ಇನ್ನಷ್ಟು ಸುಣ್ಣ ಹಾಕುವ ಪರೀಕ್ಷೆ ಮರ ಹತ್ತುವ ಕೊನೆಗಾರರಿಗೆಲ್ಲ ಗೊತ್ತಿರುವುದೇ. ನಾಝಲ್ ಸವೆಯುವುದು ಮಾತ್ರ ಸುಣ್ಣದ ಗರಸಿನಿಂದ. ಹಿತ್ತಾಳೆ ಮೆದು. ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ. ಕಟ್ಟಿದ ರಂಧ್ರಕ್ಕೆ ತಂತಿ, ಪಿನ್ನು ಚುಚ್ಚದೆ ತೆಂಗಿನ ಹಿಡಿಕಡ್ಡಿ ಹಾಕಿ. ಹೊಸ ನಾಝಲಿನಿಂದ ಒಂದು ನಿಮಿಷಕ್ಕೆ ಎಷ್ಟು ನೀರು ಬರುತ್ತದೆಂದು ಅಳೆದು ಬರೆದಿಡಿ. ಅದೇ ಒತ್ತಡದಲ್ಲಿ ಶೇ 10 ಹೆಚ್ಚು ಬರತೊಡಗಿದ ದಿನ ಅದರ ಆಯಸ್ಸು ಮುಗಿಯಿತು. ಸವೆದ ನಾಝಲ್ ಔಷಧಿಯನ್ನು ಗೊನೆಯ ಮೇಲೆ ಮಂಜಾಗಿ ಕೂರಿಸದೆ ನೆಲಕ್ಕೆ ಸುರಿಯುತ್ತದೆ, ಹಿತ್ತಾಳೆಯ ಬೆಲೆಗಿಂತ ಔಷಧಿಯ ಬೆಲೆ ಹೆಚ್ಚು.

ಹಾಗೆಂದು ನಕಲಿ ಇಲ್ಲವೇ ಇಲ್ಲ ಎಂದಲ್ಲ. ಹಳದಿ ಲೇಪದ ಕಬ್ಬಿಣ, ಹಳದಿ ಲೇಪದ ಸತುವಿನ ಎರಕ ಎರಡೂ ಮಾರಾಟದಲ್ಲಿವೆ. ಕಬ್ಬಿಣಕ್ಕೆ ಅಯಸ್ಕಾಂತ ಸಾಕು. ಸತುವಿನ ಎರಕ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದನ್ನು ಹಿಡಿಯಲು ತೂಕ ಬೇಕು. ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತುಂಡನ್ನು ತೂಗಿ, 170 ಗ್ರಾಂ ಬಂತೆನ್ನಿ. ರಬ್ಬರ್ ವಾಷರ್ ಇದ್ದರೆ ತೆಗೆದಿರಬೇಕು. ಈಗ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ತುಂಡನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಥ್ರೆಡ್ಡಿನಲ್ಲಿ ಸಿಕ್ಕ ಗಾಳಿಗುಳ್ಳೆ ಅಲುಗಿಸಿ ಬಿಡಿಸಬೇಕು. ತಕ್ಕಡಿ 20 ಗ್ರಾಂ ತೋರಿಸಿದರೆ 170 ಭಾಗಿಸು 20, ಅಂದರೆ 8.5: ಹಿತ್ತಾಳೆ. 25-26 ತೋರಿಸಿದರೆ ಸತುವಿನ ಎರಕ. ಸೀಸ ಎಷ್ಟಿದೆ ಎಂಬುದು ಇದರಲ್ಲಿ ತಿಳಿಯದು. ಅದಕ್ಕೆ ಒಂದು ಡ್ರಿಲ್ ಹಾಕಿ ನೋಡಬೇಕು: ಪುಡಿ ಉದುರಿದರೆ ಸೀಸದ್ದು, ಉದ್ದ ಸುರುಳಿ ಬಂದರೆ ಅಲ್ಲ.

ಕುಡಿಯುವ ನೀರಿನ ಮಾತನ್ನು ಬಿಡುವಂತಿಲ್ಲ. ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಮೆದು ನೀರು ರಾತ್ರಿಯಿಡೀ ಸೀಸದ ಹಿತ್ತಾಳೆಯೊಳಗೆ ನಿಂತರೆ ಒಂದಿಷ್ಟು ಸೀಸ ಕರಗಿಯೇ ಕರಗುತ್ತದೆ. ಅಮೆರಿಕದಲ್ಲಿ 2014ರಿಂದ ಕುಡಿಯುವ ನೀರು ಮುಟ್ಟುವ ಭಾಗಗಳಲ್ಲಿ ಸರಾಸರಿ ಸೀಸ ಶೇ 0.25 ದಾಟುವಂತಿಲ್ಲ. ಆ ಲೆಕ್ಕದಲ್ಲಿ ನಮ್ಮ ರಾಡು ಹತ್ತು ಪಟ್ಟು ಆಚೆಗಿದೆ. ಅಬ್ಬಿಯಿಂದ ಅಡುಗೆಮನೆಗೆ ಬರುವ ಪೈಪಿಗೆ ಲೇತಿನಲ್ಲಿ ರಾಡು ಕೊರೆದು ಜಾಯಿಂಟ್ ಮಾಡಿಸಬೇಡಿ. ಇರುವ ನಲ್ಲಿಯಲ್ಲಿ ಬೆಳಗಿನ ಮೊದಲ ನೀರನ್ನು ಒಂದೆರಡು ನಿಮಿಷ ಗಿಡಕ್ಕೆ ಬಿಟ್ಟು ಆಮೇಲೆ ಹಿಡಿಯಿರಿ. ರಾಡಿನಿಂದ ಲೋಟ, ಸೌಟು ಟರ್ನ್ ಮಾಡಿಸಿಕೊಳ್ಳುವವರಿಗೂ ಇದೇ ಮಾತು. ಅಜ್ಜಿಯ ಕಾಲದ ತಪ್ಪಲೆಯನ್ನು ತಗಡಿನ ಹಿತ್ತಾಳೆಯಿಂದ ಮಾಡಿ ಒಳಗೆ ಕಲಾಯಿ ಹಾಕಿಸುತ್ತಿದ್ದರು, ಅದರ ಜಾತಿಯೇ ಬೇರೆ. ಸೀಸದ ಬದಲು ಸಿಲಿಕಾನ್ ಹಾಕಿದ ಹಿತ್ತಾಳೆ (ತಾಮ್ರ ಶೇ 75ರ ಸುಮಾರು, ಸಿಲಿಕಾನ್ ಶೇ 3) ಇದೆ. ಟೂಲು ಬೇಗ ಸವೆಯುತ್ತದೆ, ಬೆಲೆಯೂ ಜಾಸ್ತಿ, ಆದರೆ ಕುಡಿಯುವ ನೀರಿಗೆ ಅದೇ ಸರಿ. ಅದರ ಚಿಪ್ಸನ್ನು ಸೀಸದ ಚಿಪ್ಸಿನ ಜೊತೆ ಬೆರೆಸಿದರೆ ಗುಜರಿಯಲ್ಲಿ ಎರಡಕ್ಕೂ ಬೆಲೆ ಹೋಗುತ್ತದೆ.

ಬೆಲೆ ಅಂದ ಮೇಲೆ ತೂಕದ ಲೆಕ್ಕ. ಕಬ್ಬಿಣದ ಸರಳಿಗೆ ಕಟ್ಟಡದವರು ವ್ಯಾಸದ ವರ್ಗ ಭಾಗಿಸು 162 ಎನ್ನುತ್ತಾರಲ್ಲ, ಹಿತ್ತಾಳೆಯ ದುಂಡು ರಾಡಿಗೆ 150 ಹಾಕಿ. 20 ಮಿಮೀ ರಾಡು: 400 ಭಾಗಿಸು 150, ಮೀಟರಿಗೆ 2.67 ಕಿಲೋ. ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಚಿಪ್ಸಾಗಿ ಹೋಗುವ ಕೆಲಸಗಳಲ್ಲಿ ಚಿಪ್ಸ್ ಮಾರಿ ಬರುವ ದುಡ್ಡೇ ಹಿತ್ತಾಳೆಯನ್ನು ಉಕ್ಕಿನ ಹತ್ತಿರಕ್ಕೆ ತರುತ್ತದೆ. ಅಯಸ್ಕಾಂತ ಆಡಿಸಿ ಕಬ್ಬಿಣದ ಪುಡಿ ತೆಗೆದು, ಎಣ್ಣೆ ಸೋರಿಸಿ, ಬೇರೆ ಡ್ರಮ್ಮಿನಲ್ಲಿ ಇಟ್ಟವರಿಗೆ ಮಾತ್ರ ಆ ಬೆಲೆ ಸಿಗುತ್ತದೆ.

ಕೊನೆಯದಾಗಿ ರಾಡ್ ಮಾರುವವರಲ್ಲಿ, ವರ್ಕ್‌ಶಾಪಿನವರಲ್ಲಿ ಒಂದು ಕೋರಿಕೆ. ಬಿಲ್ಲಿನಲ್ಲಿ ‘ಬ್ರಾಸ್ ರಾಡ್’ ಎಂದಷ್ಟೇ ಬರೆಯುವುದನ್ನು ನಿಲ್ಲಿಸಿ. ಯಾವ ಗ್ರೇಡು, ಯಾವ ಹದ (ಅನೀಲ್ ಮಾಡಿ ಮೆದುವಾಗಿಸಿದ್ದೋ, ಅರೆಗಟ್ಟಿಯೋ, ಗಟ್ಟಿಯೋ) ಎಂದು ಬರೆಯಿರಿ. ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್ ಇದ್ದರೆ ಅದರ ಝೆರಾಕ್ಸ್ ಕೊಡಿ. ಗುಜರಿ ಕರಗಿಸಿ ಎಳೆದ ಅಗ್ಗದ ರಾಡಾದರೆ ಹಾಗೆಂದೇ ಹೇಳಿ ಮಾರಿ. ಹಿಡಿಕೆ, ಗುಬುಟುಗಳಿಗೆ ಅದು ನಡೆಯುತ್ತದೆ, ಒತ್ತಡ ಹೊರುವ ವಾಲ್ವಿಗೆ ನಡೆಯುವುದಿಲ್ಲ. ಕೊಳ್ಳುವವರೂ ‘ಹಿತ್ತಾಳೆ ಕೊಡಿ’ ಎನ್ನುವ ಬದಲು ಯಾವ ಜಾಗಕ್ಕೆ, ಯಾವ ನೀರಿಗೆ, ಕೊಟ್ಟಿಗೆಗೆ ಎಷ್ಟು ಹತ್ತಿರ ಎಂದು ಹೇಳಿ ಕೇಳಲಿ.

ಇಂತಿ,
ಲೇತ್ ಕೆಲಸದ ಕೆಲವು ಓದುಗರು,
ಶಿವಮೊಗ್ಗ